ಎಲೆ, ಎಳೆ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ನನ್ನದೊಂದು ಕನ್ನಡಕದ ಅಂಗಡಿ.
ಕಾಯುವವರ ಕಣ್ಣಿಗೆ ತಂಪಿರಲಿ ಎಂದು
ಎರಡಡಿಯ ಗಾಜಿನ ತೊಟ್ಟಿ,
ಅದರಲ್ಲಿ ಏಳು ಮೀನು, ಒಂದು ಹಿಡಿ ಗಿಡ,
ಮತ್ತೆ ಈ ಆಷಾಢದಿಂದ ಈಚೆಗೆ
ಯಾರೂ ಕರೆಯದೆ ಬಂದ ಪಾಚಿ.

ಕೂದಲಿನಂಥ ಪಾಚಿ.
ಅನುಬಿಯಾಸಿನ ಎಲೆಯಂಚಿಗೆ ಗಡ್ಡ ಬೆಳೆದಿತ್ತು.
ವ್ಯಾಲಿಸ್ನೇರಿಯಾದ ಉದ್ದ ಪಟ್ಟಿಗಳು
ಹಳೇ ಸ್ವೆಟರಿನ ತೋಳಿನ ಹಾಗೆ ಜೂಲುಗಟ್ಟಿದ್ದವು.
ನಾನು ಮಾಡದ್ದಿಲ್ಲ:
ಉಗುರಲ್ಲಿ ಗೀರಿದೆ, ಎಲೆ ಹರಿಯಿತು.
ಕತ್ತರಿ ಹಾಕಿದೆ, ಗಿಡ ಬೋಳಾಯಿತು.
ಚಿಂತಾಮಣಿಯಿಂದ ನೀಲಿ ಬಾಟಲಿಯ ಔಷಧಿ ತಂದು
ಹತ್ತು ಹನಿ ಎಂದಿದ್ದಲ್ಲಿ ಹದಿನೈದು ಬಿಟ್ಟೆ;
ಬೆಳಿಗ್ಗೆ ಬಸವನಹುಳುಗಳೆಲ್ಲ ಮಗುಚಿ ಬಿದ್ದಿದ್ದವು,
ಪಾಚಿ ಮಾತ್ರ
ಎರಡು ಗುಲಗಂಜಿ ತೂಕ ಹೆಚ್ಚಾಗಿತ್ತು.

ಪ್ಯಾರಿಜಾನ್ ಬಂದದ್ದು ಮಂಗಳವಾರ.
ಮೂವತ್ತೊಂದು ವರ್ಷ ಬಿಚ್ಚಾಣಿಕೆಯ ಬಿಸಿನೀರಲ್ಲಿ
ಅದ್ದಿ ಅದ್ದಿ ಬೆಂದ ಬೆರಳು.
ಉಗುರ ಸಂದಿಯಲ್ಲಿ ಇನ್ನೂ ವಾಸನೆ ಇದೆ ಎಂದು
ತಾನೇ ಹೇಳಿ ನಕ್ಕಳು.
ಅಕ್ಷರ ಬಾರದವರಿಗೆಂದೇ ಇರುವ ಹಲಗೆ ಬೆಳಗಿಸಿ
ಮೂರು ಕಾಲಿನ ಗುರುತು ತೋರಿಸಿದೆ.
ಕಾಲು ಯಾವ ಕಡೆಗಮ್ಮಾ?
ಮೊದಲ ಸಾಲು, ಮೇಲಕ್ಕೆ. ಸರಿ.
ಎರಡನೆಯದು ಎಡಕ್ಕೆ, ಅಲ್ಲ, ತಡೀರಿ, ಬಲಕ್ಕೆ.
ಮೂರನೇ ಸಾಲಿಗೆ
"ಅಲ್ಲಿ ಏನಾದ್ರೂ ಬರೆದೀರಾ?" ಎಂದಳು.

ಚೀಟಿ ಬರೆಯುತ್ತಾ ಕೂತೆ. ತಲೆ ಎತ್ತಿದರೆ
ತೊಟ್ಟಿಯ ಮುಚ್ಚಳ ಪಕ್ಕಕ್ಕಿಟ್ಟು
ಬಳೆ ಮೊಣಕೈಗೆ ಏರಿಸಿ
ಕೈ ಮುಳುಗಿಸಿದ್ದಾಳೆ.
ನೋಡುತ್ತಿರಲಿಲ್ಲ. ಮುಖ ಬೀದಿಯ ಕಡೆಗಿತ್ತು.
ಎಡಗೈ ಎಲೆಯ ಬೆನ್ನಿಗೆ,
ಕೂಸಿನ ತಲೆಗೆ ಆಸರೆ ಕೊಟ್ಟ ಹಾಗೆ;
ಬಲಗೈಯ ಎರಡು ಬೆರಳು
ನೀರೊಳಗೆ ಏನನ್ನೋ ತಡಕಿ,
ತುದಿ ಹಿಡಿದು,
ನಿಧಾನ ಸುತ್ತತೊಡಗಿದವು.

"ಹಲ್ಲುಜ್ಜೋ ಬ್ರಶ್ ಇದ್ಯಾ, ಹಲೇದು?"
ಕೊಟ್ಟೆ. ಅದರ ಕೂದಲಿಗೆ ತುದಿ ಸಿಕ್ಕಿಸಿ
ಶ್ಯಾವಿಗೆಯ ಹಾಗೆ ತಿರುಗಿಸಿದಳು.
"ಎಲೆ ಎಲೀಬಾರ್ದು" ಎಂದಳು.
ಅವಳ ನಾಲಗೆಗೆ ಲಕಾರ ಳಕಾರ ಎರಡೂ ಒಂದೇ.
ಎಲೆಯನ್ನು ಎಳೆಯಬಾರದೋ,
ಎಳೆಯನ್ನು ಎಳೆಯಬಾರದೋ,
ಕೇಳಲು ಬಾಯಿ ತೆರೆದವನು ಸುಮ್ಮನಾದೆ.
ಎರಡೂ ನಿಜವಿತ್ತು.

ಒಂದು ಎಲೆಗೆ ಅರ್ಧ ಗಂಟೆ.
ನಡುವೆ ಇಬ್ಬರು ಗಿರಾಕಿ ಬಂದು ಹೋದರು.
ಬ್ರಶ್ಶಿನ ತಲೆಯಲ್ಲಿ ಹಸಿರು ಲಡಿ ದಪ್ಪವಾಯಿತು.
ತೀರ ಕೆಟ್ಟಿದ್ದ ಎರಡೆಲೆ ಮಾತ್ರ ಬುಡಕ್ಕೆ ಚಿವುಟಿ
"ತೂತುಗೂಡು, ನೂಲು ಬರಲ್ಲ" ಎಂದು ಎಸೆದಳು.
"ದೀಪ ಎಷ್ಟು ಹೊತ್ತು ಉರಿಸ್ತೀರಿ?"
ಅಂಗಡಿ ತೆಗೆದಾಗಿನಿಂದ ಮುಚ್ಚೋವರೆಗೂ.
"ಅಯ್ಯೋ. ಹುಲ ಜ್ವರಕ್ಕೆ ಕೂತಾಗ
ನಾವು ತಟ್ಟೆ ಕೂಡ ಅಲ್ಲಾಡಿಸಲ್ಲ.
ಇದಕ್ಕೂ ರಾತ್ರಿ ಬೇಕಲ್ವಾ?"

ಆಗ ಹೇಳಿದೆ, ಚೀಟಿ ಮಡಚುತ್ತ:
ಕನ್ನಡಕ ಸಾಲದಮ್ಮ, ಪೊರೆ ಬಲಿತಿದೆ,
ಕೋಲಾರಕ್ಕೆ ಹೋಗಿ ತೆಗೆಸಬೇಕು.
ಬೆರಳು ನಿಂತವು.
"ಕಣ್ಣು ಹರಿಯಲ್ವಾ?"
ಹದಿನೈದು ಹನಿ ಬಿಟ್ಟವನು ಏನು ಹೇಳಲಿ.
ಅವರೂ ಸುತ್ತಿ ತೆಗೀತಾರೆ, ಎಳೆಯೋದಿಲ್ಲ, ಎಂದೆ.
ಸುಳ್ಳು. ಅವಳಿಗೂ ಗೊತ್ತಾಗಿರಬೇಕು.
ಸೆರಗಿಗೆ ಕೈ ಒರೆಸಿಕೊಂಡು
ಚೀಟಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡಳು.

ಈಗ ದೀಪ ಆರೇ ಗಂಟೆ.
ಶನಿವಾರ ಮೂರರಲ್ಲೊಂದು ಪಾಲು ನೀರು ಬಸಿದು
ಬಾಗಿಲ ಕರಿಬೇವಿಗೆ ಹಾಕುತ್ತೇನೆ.
ಹೊಸ ನೀರು, ಹಿಂದಿನ ರಾತ್ರಿಯೇ ಹಿಡಿದಿಟ್ಟದ್ದು.
ಪಾಚಿ ಪೂರ್ತಿ ಹೋಗಿಲ್ಲ.
ಅವಳೂ ಬಂದಿಲ್ಲ.
ಬ್ರಶ್ಶನ್ನು ಹಲಗೆಯ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ,
ಲಡಿ ಬಿಡಿಸದೆ.
ಮೊನ್ನೆ ಒಂದನೇ ಕ್ಲಾಸಿನ ಹುಡುಗನೊಬ್ಬ
ಏನಿದು, ಹಸಿರು ರೇಷ್ಮೆಯಾ? ಎಂದ.
ನೀನು ಈ ಕಡೆ ನೋಡಪ್ಪ, ಎಂದೆ,
ಕಾಲು ಯಾವ ಕಡೆಗಿದೆ, ಹೇಳು.